ಆಕಾಶದ ಲೆಕ್ಕ, ಸರ್ಕಾರದ ಗಂಟೆ

ಮಡಿಕೇರಿಯಲ್ಲಿ ಕುಳಿತು ಕಂಪ್ಯೂಟರಿನ ಸಮಯದ ಸೆಟ್ಟಿಂಗ್ ತೆರೆದವರಿಗೆ ಅಲ್ಲಿ ‘ಏಷ್ಯಾ/ಕೋಲ್ಕತ್ತ’ ಎಂಬ ಹೆಸರು ಕಾಣುತ್ತದೆ. ವಿರಾಜಪೇಟೆಯ ಬ್ಯಾಂಕಿನ ಗಣಕಕ್ಕೂ, ಕುಶಾಲನಗರದ ಕಾಫಿ ವ್ಯಾಪಾರಿಯ ಬಿಲ್ಲಿಂಗ್ ತಂತ್ರಾಂಶಕ್ಕೂ, ಹೋಂಸ್ಟೇ ಬುಕಿಂಗ್ ಆ್ಯಪ್‌ಗೂ ಅದೇ ಹೆಸರು. ಕೊಡಗಿಗೂ ಹೂಗ್ಲಿ ದಂಡೆಯ ಆ ಮಹಾನಗರಕ್ಕೂ ಗಂಟು ಹಾಕಿದವರು ಯಾರು, ಆ ಗಂಟಿನೊಳಗೆ ಕೊಡಗಿನ ಯಾವ ಕಥೆ ಸಿಕ್ಕಿಕೊಂಡಿದೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಹೆಸರು ಬಂದಿರುವುದು ಟೈಮ್‌ಝೋನ್ ಡೇಟಾಬೇಸ್ ಎಂಬ ಸಾರ್ವಜನಿಕ ದಾಖಲೆಯಿಂದ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಇದನ್ನು ಶುರು ಮಾಡಿದರು. ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಎಗ್ಗರ್ಟ್ ಅದರ ಸಂಯೋಜಕರು. ಜಗತ್ತಿನ ಯಾವ ಪ್ರದೇಶದಲ್ಲಿ ಯಾವ ದಿನದಿಂದ ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂಬುದನ್ನು ಅದು ಸಾಲು ಸಾಲಾಗಿ ಬರೆದಿಡುತ್ತದೆ. ಆಂಡ್ರಾಯ್ಡ್ ಫೋನು, ಲಿನಕ್ಸ್ ಸರ್ವರ್, ಜಾವಾ ತಂತ್ರಾಂಶ ಎಲ್ಲವೂ ಗಂಟೆ ಕೇಳುವುದು ಇದನ್ನೇ. 1970ರಿಂದ ಈಚೆಗೆ ಗಡಿಯಾರಗಳು ಒಂದೇ ಸಮಯ ತೋರಿಸುತ್ತ ಬಂದ ಪ್ರದೇಶವನ್ನು ಅದು ಒಂದು ವಲಯವೆಂದು ಗಣಿಸಿ, ಅಲ್ಲಿನ ದೊಡ್ಡ ನಗರವೊಂದರ ಹೆಸರಿಡುತ್ತದೆ. ಭಾರತಕ್ಕೆ ಮೊದಲು ‘ಕ್ಯಾಲ್ಕಟಾ’ ಎಂದಿತ್ತು. 2008ರಲ್ಲಿ ‘ಕೋಲ್ಕತ್ತ’ ಆಯಿತು. ಹಳೆಯ ಯಂತ್ರಗಳು ಕೆಡಬಾರದೆಂದು ಹಳೆಯ ಹೆಸರನ್ನೂ ಉಳಿಸಿಕೊಂಡಿದ್ದಾರೆ.

ಕೋಲ್ಕತ್ತದ ಹೆಸರಿನಡಿ ಇರುವುದು ಕೆಲವೇ ಸಾಲು. 1854ರವರೆಗೆ ಆ ಊರಿನ ಸೂರ್ಯನ ಸಮಯ, ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡ್ ಮುಂದೆ. ಬಳಿಕ 1870ರವರೆಗೆ ಹೌರಾ ಸಮಯ. ಅಲ್ಲಿಂದ 1906ರ ಜನವರಿ 1ರವರೆಗೆ ಮದ್ರಾಸ್ ಸಮಯ, 5 ಗಂಟೆ 21 ನಿಮಿಷ 10 ಸೆಕೆಂಡ್. ಅನಂತರ ಇಂದಿನ ಐದೂವರೆ ಗಂಟೆ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಡುವೆ ಎರಡು ತುಂಡುಗಳಲ್ಲಿ ಒಂದು ಗಂಟೆ ಹೆಚ್ಚುವರಿಯಾಗಿ ಸೇರಿಕೊಂಡಿದೆ: 1941ರ ಅಕ್ಟೋಬರ್‌ನಿಂದ 1942ರ ಮೇ 15ರವರೆಗೆ ಒಮ್ಮೆ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಇನ್ನೊಮ್ಮೆ.

ಭಾರತದಲ್ಲಿ ಬೇಸಿಗೆ ಸಮಯ, ಅಂದರೆ ಡೇಲೈಟ್ ಸೇವಿಂಗ್, ಎಂಬುದೇ ಇಲ್ಲವೆಂದು ಶಾಲೆಯಲ್ಲಿ ಕಲಿತವರಿಗೆ ಇದು ಅಚ್ಚರಿ ತರುತ್ತದೆ. ಎರಡನೆಯ ಮಹಾಯುದ್ಧದ ನಡುವೆ, 1942ರ ಸೆಪ್ಟೆಂಬರ್‌ನಿಂದ ಮೂರು ವರ್ಷ, ಇಡೀ ದೇಶದ ಗಡಿಯಾರ ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದಿತ್ತು. ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲದೆ, ಒಮ್ಮೆ ಮುಂದೆ ಸರಿಸಿದ ಮುಳ್ಳನ್ನು ಯುದ್ಧ ಮುಗಿಯುವವರೆಗೆ ಹಾಗೇ ಬಿಟ್ಟರು. ಡೇಟಾಬೇಸ್‌ನ ವಿಚಿತ್ರ ನಿಯಮಗಳ ಸಾಲಿನಲ್ಲಿ ಭಾರತಕ್ಕೂ ಜಾಗ ಸಿಕ್ಕಿರುವುದು ಹೀಗೆ.

ಕೊಡಗಿನ ಮಟ್ಟಿಗೆ ಆ ಒಂದು ಗಂಟೆ ಸಣ್ಣದಾಗಿರಲಿಲ್ಲ. ಭಾರತೀಯ ಕಾಲಮಾನಕ್ಕೆ ಆಧಾರವಾದ ರೇಖಾಂಶ ಎಂಬತ್ತೆರಡೂವರೆ ಡಿಗ್ರಿ ಪೂರ್ವ. ಮಡಿಕೇರಿ ಇರುವುದು ಎಪ್ಪತ್ತೈದೂಮುಕ್ಕಾಲು ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ 27 ನಿಮಿಷ ಹಿಂದೆ. ಗಡಿಯಾರದಲ್ಲಿ 12 ಗಂಟೆ 27 ನಿಮಿಷ ಆದಾಗ ಮಡಿಕೇರಿಗೆ ನಿಜವಾದ ನಡುಹಗಲು. ಯುದ್ಧಕಾಲದ ಗಂಟೆ ಸೇರಿದಾಗ ಈ ಅಂತರ ಒಂದೂವರೆ ಗಂಟೆಯ ಸಮೀಪಕ್ಕೆ ಹೋಯಿತು. ಜನವರಿಯಲ್ಲಿ, ಅಂದರೆ ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಗಡಿಯಾರದಲ್ಲಿ ಸುಮಾರು 7 ಗಂಟೆ 50 ನಿಮಿಷ. ಲೈನ್‌ಮನೆಯಿಂದ ತೋಟಕ್ಕೆ ಹೊರಡುವವರಿಗೆ ಬೆಳಕು ಮುಖ್ಯ. ತೋಟದ ರೈಟರ್ ಪುಸ್ತಕದಲ್ಲಿ ಬರೆಯಬೇಕಾದದ್ದು ಮಾತ್ರ ಗಡಿಯಾರದ ಹೊತ್ತು.

ಈ ಗಂಟೆಯ ಪರಿಣಾಮ ಎದ್ದು ಕಾಣುವ ಜಾಗ ತಲಕಾವೇರಿ. ತುಲಾ ಸಂಕ್ರಮಣದ ತೀರ್ಥೋದ್ಭವದ ಗಳಿಗೆ ಯಾರೋ ಅನುಕೂಲ ನೋಡಿ ಇಟ್ಟ ಸಮಯವಲ್ಲ. ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಕ್ಷಣ ಅದು. ಸೂರ್ಯ ಅದೇ ನಕ್ಷತ್ರ ಸ್ಥಾನಕ್ಕೆ ಮರಳಲು 365 ದಿನ, 6 ಗಂಟೆ, 9 ನಿಮಿಷ ಹಿಡಿಯುತ್ತದೆ. ಹೀಗಾಗಿ ಪ್ರತಿ ವರ್ಷ ಸಮಯ ಆರು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ, ಅಧಿಕ ವರ್ಷ ಬಂದಾಗ ದಿನಾಂಕ ಒಂದು ಹೆಜ್ಜೆ ಹಿಂದೆ ಬರುತ್ತದೆ. 2023ರಲ್ಲಿ ಅಕ್ಟೋಬರ್ 18ರ ನಸುಕಿನ 1 ಗಂಟೆ 27 ನಿಮಿಷಕ್ಕೆ, 2024ರಲ್ಲಿ ಅಕ್ಟೋಬರ್ 17ರ ಬೆಳಗ್ಗೆ 7 ಗಂಟೆ 40 ನಿಮಿಷಕ್ಕೆ ತೀರ್ಥೋದ್ಭವವೆಂದು ಪ್ರಕಟವಾಗಿತ್ತು. ಪಂಚಾಂಗದ ಪದ್ಧತಿಗೆ ತಕ್ಕಂತೆ ಕೆಲವು ನಿಮಿಷ ಆಚೀಚೆ ಆಗಬಹುದು, ಆದರೆ ನಡೆ ಮಾತ್ರ ಬದಲಾಗದು.

ಈಗ 1941ರಿಂದ 1945ರವರೆಗಿನ ಐದು ಸಂಕ್ರಮಣಗಳನ್ನು ಗಡಿಯಾರದ ಸಮಯದಲ್ಲಿ ಸಾಲಾಗಿ ಬರೆದು ನೋಡಬೇಕು. 1941ರ ಅಕ್ಟೋಬರ್‌ನಲ್ಲಿ ಶುರುವಾದ ಮೊದಲ ತುಂಡು ಕೊಡಗಿಗೆ ಅನ್ವಯಿಸಿರಲಿಲ್ಲ ಎಂದಿಟ್ಟುಕೊಂಡರೆ, 1941ರಿಂದ 1942ಕ್ಕೆ ಮುಳ್ಳು ಆರು ಗಂಟೆ ಚಿಲ್ಲರೆಯ ಬದಲು ಏಳು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ. 1942, 43, 44ರ ಮೂರು ತೀರ್ಥೋದ್ಭವಗಳು ಪೂರ್ತಿಯಾಗಿ ಯುದ್ಧಕಾಲದ ಗಡಿಯಾರದೊಳಗೆ ಬೀಳುತ್ತವೆ. 1945ರಲ್ಲಿ ಗಂಟೆ ವಾಪಸಾದದ್ದು ಅಕ್ಟೋಬರ್ 15ಕ್ಕೆ, ಸಂಕ್ರಮಣಕ್ಕೆ ಒಂದೆರಡು ದಿನವಷ್ಟೇ ಮೊದಲು. ಆ ವರ್ಷ ಏರಿಕೆ ಐದು ಗಂಟೆ ಚಿಲ್ಲರೆ ಮಾತ್ರ. ಸೂರ್ಯನ ನಡಿಗೆ ಎಲ್ಲೂ ತಪ್ಪಿಲ್ಲ. ಏರುಪೇರು ಕಾಣುವುದು ಆದೇಶದಿಂದ.

ಪಂಚಾಂಗ ಬರೆದ ಹಿರಿಯರಿಗೆ ಈ ತೊಂದರೆ ತಟ್ಟಿರಲಿಲ್ಲ. ಅವರ ಎಣಿಕೆ ಸೂರ್ಯೋದಯದಿಂದ. ದಿನಕ್ಕೆ 60 ಘಳಿಗೆ, ಘಳಿಗೆಗೆ 24 ನಿಮಿಷ. ಉದಯಾದಿ ಇಷ್ಟು ಘಳಿಗೆ ಇಷ್ಟು ವಿಘಳಿಗೆ ಎಂದು ಬರೆದ ಸಂಕ್ರಮಣವನ್ನು ಯಾವ ಸರ್ಕಾರವೂ ಆಚೀಚೆ ಸರಿಸಲಾಗದು. ತಂತ್ರಾಂಶ ಬರೆಯುವವರು ಮೊದಲು ಅರಿಯಬೇಕಾದ ಭೇದ ಇದೇ. ಒಂದು ಕ್ಷಣ ಯಾವಾಗ ಎಂಬುದನ್ನು ಲೆಕ್ಕದಿಂದ ಪಡೆಯಬಹುದು, ಮುಂದಿನ ಶತಮಾನದ ತೀರ್ಥೋದ್ಭವವನ್ನೂ ಇಂದೇ ಹೇಳಬಹುದು. ಆ ಕ್ಷಣದಲ್ಲಿ ಮಡಿಕೇರಿಯ ಗೋಡೆ ಗಡಿಯಾರ ಎಷ್ಟು ತೋರಿಸುತ್ತದೆ ಎಂಬುದಕ್ಕೆ ಮಾತ್ರ ಯಾವ ಸೂತ್ರವೂ ಇಲ್ಲ. ಅದಕ್ಕೆ ದಾಖಲೆಯೇ ಬೇಕು.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಜಾತಕ ಬರೆಯುವವರಿಗೆ ಚೆನ್ನಾಗಿ ಗೊತ್ತು. 1943ರಲ್ಲಿ ಹುಟ್ಟಿದವರ ಜನನ ಸಮಯ ಗಡಿಯಾರ ನೋಡಿ ಬರೆದದ್ದಾದರೆ ಅದರಿಂದ ಒಂದು ಗಂಟೆ ಕಳೆಯಬೇಕು. ಕಳೆಯದಿದ್ದರೆ ಲಗ್ನ ಸುಮಾರು ಅರ್ಧ ರಾಶಿಯಷ್ಟು ಸರಿಯುತ್ತದೆ. ಅನುಭವಿ ಜೋಯಿಸರು ಕೈಲೆಕ್ಕದಲ್ಲೇ ಇದನ್ನು ಮಾಡುತ್ತಿದ್ದರು. ಈಗ ಜಾತಕದ ತಂತ್ರಾಂಶ ಡೇಟಾಬೇಸ್ ನೋಡಿ ತಾನೇ ಕಳೆಯುತ್ತದೆ, ಬಳಸುವವರಿಗೆ ಅದು ನಡೆದದ್ದೂ ತಿಳಿಯುವುದಿಲ್ಲ. ಜ್ಯೋತಿಷ್ಯವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಸಾಮಾನ್ಯರ ಬದುಕಿನಲ್ಲಿ ಹಳೆಯ ಗಡಿಯಾರದ ಇತಿಹಾಸವನ್ನು ಅಷ್ಟು ಜತನದಿಂದ ಕಾಪಾಡಿದವರು ಜ್ಯೋತಿಷಿಗಳೇ ಎಂಬುದನ್ನು ಒಪ್ಪಲೇಬೇಕು.

ಡೇಟಾಬೇಸ್‌ನ ಚರಿತ್ರೆಯಲ್ಲೂ ಈ ನಂಟು ಬಂದುಹೋಗಿದೆ. ಹಳೆಯ ಸಮಯಗಳ ಮಾಹಿತಿಯಲ್ಲಿ ಒಂದು ಪಾಲು ಜ್ಯೋತಿಷಿಗಳಿಗಾಗಿ ಥಾಮಸ್ ಶ್ಯಾಂಕ್ಸ್ ಸಿದ್ಧಪಡಿಸಿದ ಅಟ್ಲಾಸ್‌ಗಳಿಂದ ಬಂದಿತ್ತು. ಆ ಅಟ್ಲಾಸ್‌ನ ಹಕ್ಕು ತನ್ನದೆಂದು ಆಸ್ಟ್ರೊಲೇಬ್ ಎಂಬ ಜ್ಯೋತಿಷ್ಯ ತಂತ್ರಾಂಶ ಕಂಪನಿ 2011ರ ಸೆಪ್ಟೆಂಬರ್ 30ರಂದು ಓಲ್ಸನ್ ಮತ್ತು ಎಗ್ಗರ್ಟ್ ಇಬ್ಬರ ಮೇಲೂ ದಾವೆ ಹೂಡಿತು. ಡೇಟಾಬೇಸ್ ಇಟ್ಟಿದ್ದ ತಾಣವನ್ನು ಮುಚ್ಚಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಅಂತರ್ಜಾಲದ ಹೆಸರು, ವಿಳಾಸಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಮುಂದೆ ಬಂದು ಹೊಣೆ ಹೊತ್ತಿತು. 2012ರ ಫೆಬ್ರವರಿಯಲ್ಲಿ ಕಂಪನಿ ದಾವೆಯನ್ನು ಹಿಂತೆಗೆದುಕೊಂಡಿತು. 1942ರ ಸೆಪ್ಟೆಂಬರ್ 1ರಂದು ಭಾರತದ ಗಡಿಯಾರ ಮುಂದೆ ಹೋಯಿತು ಎಂಬ ಸಂಗತಿ ಯಾರೊಬ್ಬರ ಸ್ವತ್ತೂ ಆಗಬಾರದು. ಆ ಕೆಲವು ದಿನ ಜಗತ್ತಿನ ಗಣಕಗಳ ಗಂಟೆ ಇಬ್ಬರು ಸ್ವಯಂಸೇವಕರ ಕೊರಳಿಗೆ ಬಿದ್ದಿತ್ತೆಂಬುದು ಇಂದಿಗೂ ಯೋಚಿಸಬೇಕಾದ ವಿಷಯ.

ಇನ್ನು ಬೇರೆ ದೇಶಗಳ ನಿಯಮಗಳ ಕಡೆಗೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ, ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಬೇಸಿಗೆ ಸಮಯ. ಇವನ್ನು ಗಣಕಕ್ಕೆ ಹೇಳುವುದು ಸುಲಭ. ತಿಂಗಳು, ಎಷ್ಟನೆಯ ವಾರ, ಯಾವ ವಾರ ಎಂಬ ಮೂರು ಅಂಕಿ ಸಾಕು. ಇಸ್ರೇಲ್ ಬಂದಾಗ ಈ ಮೂರಂಕಿ ಸೋಲುತ್ತದೆ. ಅಲ್ಲಿ ಬೇಸಿಗೆ ಸಮಯ ಶುರುವಾಗುವುದು ಮಾರ್ಚ್‌ನ ಕೊನೆಯ ಭಾನುವಾರಕ್ಕೆ ಮೊದಲು ಬರುವ ಶುಕ್ರವಾರ, ನಸುಕಿನ 2 ಗಂಟೆಗೆ. ಆ ಶುಕ್ರವಾರ ಒಮ್ಮೆ ನಾಲ್ಕನೆಯದಾಗಿರುತ್ತದೆ, ಒಮ್ಮೆ ಐದನೆಯದು. ಹಾಗಾದರೆ ಬರೆಯುವುದು ಹೇಗೆ? ಡೇಟಾಬೇಸ್‌ನವರು ಕಂಡುಕೊಂಡ ದಾರಿ ಸೊಗಸಾಗಿದೆ. ಕೊನೆಯ ಭಾನುವಾರ 25ರಿಂದ 31ರ ಒಳಗೆ ಬರಬೇಕು, ಅದರ ಹಿಂದಿನ ಶುಕ್ರವಾರ 23ರಿಂದ 29ರ ಒಳಗೆ, ಅದರ ಹಿಂದಿನ ಗುರುವಾರ 22ರಿಂದ 28ರ ಒಳಗೆ. 22ರಿಂದ 28ರ ನಡುವೆ ಬೀಳುವ ಗುರುವಾರ ಯಾವಾಗಲೂ ನಾಲ್ಕನೆಯದೇ. ಆದ್ದರಿಂದ ನಿಯಮವನ್ನು ‘ಮಾರ್ಚ್‌ನ ನಾಲ್ಕನೆಯ ಗುರುವಾರ, 26 ಗಂಟೆಗೆ’ ಎಂದು ಬರೆದರು. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎಂದು ನಂಬಿದ ತಂತ್ರಾಂಶ ಇದನ್ನು ಓದಿ ಮುಗ್ಗರಿಸುತ್ತದೆ. ಈ ಕಡತಗಳ ಮಾನಕ ಈಗ ಗಂಟೆಯ ಸ್ಥಾನದಲ್ಲಿ ಮೈನಸ್ 167ರಿಂದ 167ರವರೆಗಿನ ಅಂಕಿಗೆ ಅವಕಾಶ ಕೊಟ್ಟಿದೆ.

ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪ ಬೇಸಿಗೆಯಲ್ಲಿ ಮುಂದೆ ಹೋಗುವುದು ಅರ್ಧ ಗಂಟೆ ಮಾತ್ರ. ಐರ್ಲೆಂಡಿನ ಕಾನೂನಿನಲ್ಲಿ ಬೇಸಿಗೆಯ ಗಂಟೆಯೇ ದೇಶದ ಪ್ರಮಾಣ ಸಮಯ. 1971ರಿಂದ ಚಳಿಗಾಲಕ್ಕೆ ಒಂದು ಗಂಟೆ ಕಳೆಯುತ್ತಾರೆ. 2018ರಲ್ಲಿ ಡೇಟಾಬೇಸ್ ಈ ಕಳೆಯುವಿಕೆಯನ್ನು ಕಾನೂನಿನಲ್ಲಿ ಇದ್ದಂತೆಯೇ ಬರೆದಾಗ, ‘ಉಳಿತಾಯ’ ಋಣಾತ್ಮಕವಾಗಲಾರದು ಎಂದುಕೊಂಡಿದ್ದ ಜಾವಾ ತಂತ್ರಾಂಶ ಎಡವಿತು. ಹಳೆಯ ತಂತ್ರಾಂಶಗಳಿಗಾಗಿ ಅದೇ ಮಾಹಿತಿಯ ಬೇರೊಂದು ರೂಪವನ್ನು ಇಂದಿಗೂ ಸಿದ್ಧಪಡಿಸಿ ಕೊಡುತ್ತಿದ್ದಾರೆ.

ಮೊರಾಕ್ಕೊದ್ದು ಇನ್ನೂ ತೊಡಕು. 2018ರ ಅಕ್ಟೋಬರ್ 28ಕ್ಕೆ ಗಡಿಯಾರ ಹಿಂದೆ ಸರಿಸಬೇಕಿತ್ತು. ಎರಡೇ ದಿನ ಮೊದಲು ಅಲ್ಲಿನ ಸರ್ಕಾರ ಇನ್ನು ವರ್ಷವಿಡೀ ಮುಂದಿನ ಗಂಟೆಯೇ ಇರಲಿ ಎಂದಿತು. ರಂಜಾನ್ ತಿಂಗಳಲ್ಲಿ ಮಾತ್ರ ಒಂದು ಗಂಟೆ ಹಿಂದೆ. ರಂಜಾನ್ ಚಂದ್ರನ ತಿಂಗಳು; ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮೊದಲು ಬರುತ್ತದೆ. ಇದಕ್ಕೆ ವಾರದ ಸೂತ್ರ ಹೊಂದುವುದಿಲ್ಲ. ಡೇಟಾಬೇಸ್‌ನಲ್ಲಿ 2087ರವರೆಗಿನ ಮೊರಾಕ್ಕೊದ ದಿನಾಂಕಗಳನ್ನು ಮುಂಚಿತವಾಗಿ ಎಣಿಸಿ ಒಂದೊಂದಾಗಿ ಬರೆದಿಟ್ಟಿದ್ದಾರೆ. ಚಂದ್ರದರ್ಶನ ಒಂದು ದಿನ ವ್ಯತ್ಯಾಸವಾದರೆ ಗಡಿಯಾರ ಬದಲಿಸುವ ಭಾನುವಾರವೇ ಬೇರೆಯಾಗಬಹುದು, ಆಗ ತಿದ್ದುತ್ತಾರೆ. ಚಾಂದ್ರಮಾನ ಯುಗಾದಿ, ಸೌರಮಾನ ವಿಷು ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ನೋಡಿ ಬೆಳೆದ ಕನ್ನಡಿಗರಿಗೆ ಈ ಕಷ್ಟ ವಿವರಿಸಬೇಕಾಗಿಲ್ಲ.

ಲೆಬನಾನ್ ದೇಶದ 2023ರ ಘಟನೆಯನ್ನು ತುಸು ನಿಧಾನವಾಗಿ ನೋಡಬೇಕು. ಆ ವರ್ಷ ಮಾರ್ಚ್ 26ಕ್ಕೆ ಬೇಸಿಗೆ ಸಮಯ ಶುರುವಾಗಬೇಕಿತ್ತು. 23ರ ಗುರುವಾರ ಪ್ರಧಾನಿ ನಜೀಬ್ ಮಿಕಾತಿ ಅದನ್ನು ರಂಜಾನ್ ಮುಗಿಯುವವರೆಗೆ ಮುಂದೂಡಿದರು. ಡೇಟಾಬೇಸ್ ಅದೇ ದಿನ ಹೊಸ ಆವೃತ್ತಿ ಹೊರಡಿಸಿತು. ಆದರೆ ಮ್ಯಾರೊನೈಟ್ ಚರ್ಚ್ ಆದೇಶವನ್ನು ಒಪ್ಪಲಿಲ್ಲ, ಕೆಲವು ಟಿವಿ ವಾಹಿನಿಗಳೂ ಒಪ್ಪಲಿಲ್ಲ. ಭಾನುವಾರ ಒಂದೇ ಊರಿನಲ್ಲಿ ಎರಡು ಗಂಟೆ ನಡೆಯಿತು. ಸೋಮವಾರ ಸಚಿವ ಸಂಪುಟ ಆದೇಶವನ್ನು ಹಿಂತೆಗೆದು, ಬುಧವಾರ ರಾತ್ರಿ ಗಡಿಯಾರ ಮುಂದಿಡಲು ತೀರ್ಮಾನಿಸಿತು. 28ರಂದು ಡೇಟಾಬೇಸ್‌ನ ಇನ್ನೊಂದು ಆವೃತ್ತಿ ಬಂತು. ಅದರಲ್ಲಿ ಲೆಬನಾನಿನ ಸಾಲು ಮೊದಲಿದ್ದಂತೆಯೇ, 26ಕ್ಕೆ ಶುರುವಾಯಿತು ಎಂಬಂತೆ ಇದೆ. ಆ ದಿನಗಳಲ್ಲಿ ಬೈರೂತಿನಲ್ಲಿ ನಿಜಕ್ಕೂ ಎಷ್ಟು ಗಂಟೆಯಾಗಿತ್ತು ಎಂಬುದು ಯಾರ ಗಡಿಯಾರ ನೋಡಿದಿರಿ ಎಂಬುದನ್ನು ಅವಲಂಬಿಸಿತ್ತು. ಒಂದೇ ಉತ್ತರ ಕೊಡಲೇಬೇಕಾದ ಕಡತದಲ್ಲಿ ಸಂಯೋಜಕರು ಸರಳವಾದ ಉತ್ತರವನ್ನು ಆರಿಸಿಕೊಂಡರು. ಆ ಆಯ್ಕೆ ಸರಿಯೇ. ಹಲವು ಫೋನುಗಳಿಗೆ ನಡುವಿನ ಆವೃತ್ತಿ ತಲುಪುವ ಮೊದಲೇ ಅದು ರದ್ದಾಗಿತ್ತು. ಗಡಿಯಾರ ಬದಲಿಸುವ ಸರ್ಕಾರಗಳು ಒಂದು ವರ್ಷವಾದರೂ ಮೊದಲು ತಿಳಿಸಲಿ ಎಂದು ಡೇಟಾಬೇಸ್‌ನವರು ಕೇಳುವುದು ಈ ಕಾರಣಕ್ಕೇ.

ಕೊಡಗಿನ ಕಿವಿಗೆ ಹತ್ತಿರವಾದ ಹೆಸರು ಸೈಪ್ರಸ್. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಅಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಆ ದ್ವೀಪದ ಉತ್ತರ ಭಾಗ 2016ರಲ್ಲಿ ಟರ್ಕಿಯ ಜೊತೆ ಸೇರಿ ಚಳಿಗಾಲದಲ್ಲೂ ಗಡಿಯಾರ ಹಿಂದೆ ಸರಿಸದಿರಲು ನಿಶ್ಚಯಿಸಿತು. ಆ ಚಳಿಗಾಲ ನಿಕೋಸಿಯಾ ನಗರದ ನಡುಗೆರೆ ದಾಟಿದರೆ ಒಂದು ಗಂಟೆ ಬದಲಾಗುತ್ತಿತ್ತು. ಡೇಟಾಬೇಸ್‌ಗೆ ‘ಏಷ್ಯಾ/ಫಮಗುಸ್ತಾ’ ಎಂಬ ಹೊಸ ವಲಯ ಸೇರಿತು. 2017ರ ಅಕ್ಟೋಬರ್‌ನಲ್ಲಿ ಉತ್ತರದವರು ಹಳೆಯ ಕ್ರಮಕ್ಕೆ ಮರಳಿದರು, ಈಗ ಎರಡೂ ಕಡೆ ಒಂದೇ ಸಮಯ. ವಲಯ ಮಾತ್ರ ಉಳಿದಿದೆ. ಆ ಒಂದು ಚಳಿಗಾಲದಲ್ಲಿ ಫಮಗುಸ್ತಾದಲ್ಲಿ ಬರೆದ ಆಸ್ಪತ್ರೆ ಚೀಟಿಗೂ ವಿಮಾನದ ಟಿಕೆಟಿಗೂ ಅದು ಬೇಕು.

ತೋಟದ ಮನೆಗಳಿಗೆ ಈ ನಿಯಮಗಳು ಕಾಫಿ ಬೆಲೆಯ ಮೂಲಕ ಬರುತ್ತವೆ. ರೊಬಸ್ಟಾ ಬೆಳೆಗಾರರು ನೋಡುವುದು ಲಂಡನ್ ವಾಯಿದೆ ಮಾರುಕಟ್ಟೆಯನ್ನು, ಅರೇಬಿಕಾದವರು ನ್ಯೂಯಾರ್ಕನ್ನು. ಲಂಡನ್ನಿನ ಬೆಳಗಿನ 9 ಗಂಟೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಮಾರ್ಚ್‌ನಲ್ಲಿ ಅಮೆರಿಕ ಮೊದಲು ಮುಂದೆ ಹೋಗಿ ಬ್ರಿಟನ್ ಇನ್ನೂ ಹೋಗಿಲ್ಲದ ಎರಡು ಮೂರು ವಾರ, ಲಂಡನ್ನಿಗೂ ನ್ಯೂಯಾರ್ಕಿಗೂ ಇರುವ ಐದು ಗಂಟೆಯ ಅಂತರ ನಾಲ್ಕಕ್ಕೆ ಇಳಿಯುತ್ತದೆ.

ಹಬ್ಬಕ್ಕೂ ಇದೇ ಕಥೆ. 2024ರ ತೀರ್ಥೋದ್ಭವದ 7 ಗಂಟೆ 40 ನಿಮಿಷ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ 10 ಗಂಟೆ 10 ನಿಮಿಷ, ಸಿಡ್ನಿಯಲ್ಲಿ ಅದೇ ಮಧ್ಯಾಹ್ನ 1 ಗಂಟೆ 10 ನಿಮಿಷ. ಅದಾದ ಒಂದೆರಡು ತಿಂಗಳಿಗೆ ಹುತ್ತರಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ಸನ್ನಿಧಿಯಲ್ಲಿ ನೆರೆ ಕಟ್ಟುವ, ಕದಿರು ತೆಗೆಯುವ, ಊಟದ ಮುಹೂರ್ತಗಳು ನಿಶ್ಚಯವಾಗುತ್ತವೆ. ಕದಿರು ತೆಗೆಯುವುದು ರಾತ್ರಿ ಎಂಟೂವರೆಗೆ ಎಂದಾದರೆ ನ್ಯೂಜೆರ್ಸಿಯಲ್ಲಿ ಬೆಳಗ್ಗೆ 10. ಅಕ್ಟೋಬರ್‌ನ ಒಂಬತ್ತೂವರೆ ಗಂಟೆಯ ಅಂತರವನ್ನೇ ನೆನಪಿಟ್ಟುಕೊಂಡು 11ಕ್ಕೆ ವೀಡಿಯೊ ಕರೆಯಲ್ಲಿ ಸೇರಿದ ಮಗಳಿಗೆ ಐನ್‌ಮನೆಯವರು ಗದ್ದೆಯಿಂದ ಮರಳಿರುವುದು ಕಾಣುತ್ತದೆ. ಅಮೆರಿಕದ ಗಡಿಯಾರ ನವೆಂಬರ್ ಮೊದಲ ಭಾನುವಾರ ಹಿಂದೆ ಹೋಗಿರುತ್ತದೆ. ಇಂಥ ಮುಂದಿನ ಸಮಾರಂಭವನ್ನು ತಂತ್ರಾಂಶ ಹೇಗೆ ಉಳಿಸಿಡಬೇಕು ಎಂಬುದಕ್ಕೆ ಉತ್ತರ ಸ್ಪಷ್ಟ: ಪ್ರಕಟವಾದ ದಿನಾಂಕ, ಪ್ರಕಟವಾದ ಗಂಟೆ, ಯಾವ ವಲಯದ ಗಂಟೆ ಎಂಬ ಹೆಸರು, ಮೂರನ್ನೂ ಇದ್ದಂತೆಯೇ ಇಡಬೇಕು. ಗ್ರೀನಿಚ್‌ಗೆ ಪರಿವರ್ತಿಸಿದ ಅಂಕಿಯನ್ನಷ್ಟೇ ಇಟ್ಟರೆ, ನಡುವೆ ಒಂದು ಸರ್ಕಾರ ನಿಯಮ ಬದಲಿಸಿದಾಗ ಮೂಲ ಮುಹೂರ್ತ ಏನಿತ್ತೆಂದು ಹೇಳುವವರೇ ಇರುವುದಿಲ್ಲ. ನಡೆದುಹೋದ ಘಟನೆಯ ಮಾತು ಬೇರೆ. ಅದಕ್ಕೆ ಗ್ರೀನಿಚ್ ಅಂಕಿ ಸಾಕು, ಸ್ಥಳದ ಹೆಸರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಭಾರತದ ತಂತ್ರಾಂಶಗಾರರಲ್ಲಿ ಒಂದು ಅಭ್ಯಾಸ ಗಟ್ಟಿಯಾಗಿ ಕೂತಿದೆ. ವಲಯದ ಹೆಸರು ಕೇಳುವ ಬದಲು 330 ನಿಮಿಷ, ಇಲ್ಲವೇ 19,800 ಸೆಕೆಂಡ್ ಎಂದು ನೇರವಾಗಿ ಕೂಡಿಸಿಬಿಡುತ್ತಾರೆ. 1945ರಿಂದ ನಿಯಮ ಬದಲಾಗಿಲ್ಲವಾದ್ದರಿಂದ ಇದು ನಡೆಯುತ್ತಿದೆ. ಬದಲಾಗಲಾರದೆಂದು ಹೇಳುವವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ.ಪಿ. ಸೇನ್‌ಗುಪ್ತ ಅವರ ಪ್ರಸ್ತಾವವನ್ನು ನೋಡಬೇಕು. ಇಡೀ ದೇಶದ ಗಡಿಯಾರವನ್ನು ಕಾಯಂ ಆಗಿ ಅರ್ಧ ಗಂಟೆ ಮುಂದಿಟ್ಟರೆ ಸಂಜೆಯ ವಿದ್ಯುತ್ ಉಳಿಯುತ್ತದೆ ಎಂದು ಅವರು ಸಹಲೇಖಕರೊಂದಿಗೆ 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದ್ದರು. ಅದು ಜಾರಿಗೆ ಬಂದಿದ್ದರೆ ಮಡಿಕೇರಿಯ ಸೂರ್ಯ ಗಡಿಯಾರಕ್ಕಿಂತ 57 ನಿಮಿಷ ಹಿಂದಾಗುತ್ತಿದ್ದ. ಡೇಟಾಬೇಸ್ ಬಳಸಿದ ತಂತ್ರಾಂಶಕ್ಕೆ ಅದು ಒಂದು ಸಾಲಿನ ತಿದ್ದುಪಡಿ. 330 ಎಂದು ಬರೆದಿಟ್ಟ ಕಡೆಯೆಲ್ಲ ಕೂತು ಹುಡುಕಬೇಕು. ಸಹಕಾರ ಸಂಘದ ಲೆಕ್ಕದಲ್ಲಿ, ಆಸ್ಪತ್ರೆಯ ದಾಖಲೆಯಲ್ಲಿ, ಶಾಲೆಯ ಹಾಜರಿ ಆ್ಯಪಿನಲ್ಲಿ.

ಕೊಡಗಿಗೆ ಸಂಬಂಧಿಸಿದ ಒಂದು ಕೆಲಸ ಇನ್ನೂ ಬಾಕಿ ಇದೆ. ಡೇಟಾಬೇಸ್ 1970ಕ್ಕಿಂತ ಹಿಂದಿನದನ್ನು ಹೇಳುವುದು ವಲಯಕ್ಕೆ ಹೆಸರು ಕೊಟ್ಟ ನಗರದ ಬಗ್ಗೆ ಮಾತ್ರ. 1941ರ ಅಕ್ಟೋಬರ್‌ನಿಂದ 1942ರ ಮೇವರೆಗಿನ ಮೊದಲ ತುಂಡು ಕೋಲ್ಕತ್ತದ ದಾಖಲೆ. 1942ರ ಜನವರಿಯಲ್ಲಿ ಸೋಮವಾರಪೇಟೆಯಲ್ಲಿ ಹುಟ್ಟಿದವರ ಸಮಯದಿಂದ ತಂತ್ರಾಂಶ ಒಂದು ಗಂಟೆ ಕಳೆದರೆ, ಅದು ಕೋಲ್ಕತ್ತದ ಗಂಟೆಯನ್ನು ಕೊಡಗಿನ ಮೇಲೆ ಹೊರಿಸಿದಂತೆ. ಆಗ ಕೊಡಗು ಚೀಫ್ ಕಮಿಷನರ್ ಆಳ್ವಿಕೆಯ ಪ್ರತ್ಯೇಕ ಪ್ರಾಂತ್ಯ. ಮೈಸೂರಿನೊಂದಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮದ್ರಾಸ್ ಸಮಯವನ್ನು ದಕ್ಷಿಣದ ಊರೂರಿಗೆ ಹರಡಿದ್ದು ರೈಲು, ಕೊಡಗಿಗೆ ರೈಲು ಇಂದಿಗೂ ಬಂದಿಲ್ಲ. ಈ ನಾಡಿನ ಗಡಿಯಾರದ ಚರಿತ್ರೆಯನ್ನು ಬೇರೆ ಊರಿನ ಹೆಸರಿನಿಂದ ಊಹಿಸದೆ ಇಲ್ಲಿನ ಕಾಗದಗಳಲ್ಲೇ ಹುಡುಕಬೇಕು.

ಹುಡುಕುವ ಜಾಗಗಳು ಅಪರಿಚಿತವೇನಲ್ಲ. ಹಳೆಯ ತೋಟಗಳ ದಿನಚರಿ ಮತ್ತು ಚೆಕ್‌ರೋಲ್, ನ್ಯಾಯಾಲಯದ ನಡಾವಳಿ, ಚರ್ಚಿನ ಜ್ಞಾನಸ್ನಾನದ ಪುಸ್ತಕ, ತಂತಿ ಕಚೇರಿಯ ಮುದ್ರೆ ಬಿದ್ದ ಕಾಗದ, ಐನ್‌ಮನೆಯ ಪೆಟ್ಟಿಗೆಯಲ್ಲಿ ಘಳಿಗೆ ಮತ್ತು ಗಂಟೆ ಎರಡನ್ನೂ ಬರೆದಿಟ್ಟ ಜಾತಕ. ಕೊನೆಯದಕ್ಕೆ ಬೆಲೆ ಹೆಚ್ಚು. ಸೂರ್ಯೋದಯದಿಂದ ಎಣಿಸಿದ ಘಳಿಗೆಯನ್ನು ಗಂಟೆಗೆ ತಿರುಗಿಸಿ, ಪಕ್ಕದಲ್ಲಿ ಬರೆದ ಗಡಿಯಾರದ ಸಮಯದಿಂದ ಕಳೆದರೆ, ಆ ದಿನ ಆ ಮನೆಯ ಗಡಿಯಾರ ಯಾವ ಆದೇಶದಲ್ಲಿ ನಡೆಯುತ್ತಿತ್ತು ಎಂಬುದು ಕೆಲವು ನಿಮಿಷಗಳ ಅಂಚಿನಲ್ಲಿ ಗೊತ್ತಾಗುತ್ತದೆ. 1942ರ ಜನವರಿಯ ಒಂದು ಜಾತಕ, ಅದೇ ವರ್ಷದ ಜೂನ್ ತಿಂಗಳ ಇನ್ನೊಂದು, ಅಕ್ಟೋಬರ್‌ನ ಮತ್ತೊಂದು ಸಿಕ್ಕರೆ ಮೂರನ್ನೂ ಹೋಲಿಸಬಹುದು. ಮುದ್ರಿತ ಆದೇಶವೋ ಪತ್ರಿಕೆಯ ಸುದ್ದಿಯೋ ಜೊತೆಗಿದ್ದರೆ ಡೇಟಾಬೇಸ್‌ನ ಸಂಯೋಜಕರಿಗೆ ಯಾರು ಬೇಕಾದರೂ ಬರೆಯಬಹುದು. ಪ್ರತ್ಯೇಕ ವಲಯ ಸಿಗದಿದ್ದರೂ, ಭಾರತದ ಸಾಲುಗಳ ಮೇಲಿರುವ ಟಿಪ್ಪಣಿಗಳಲ್ಲಿ ಕೊಡಗಿನ ಹೆಸರಿನ ಒಂದು ವಾಕ್ಯ ಸೇರಬಹುದು. ಜಾತಕದ ತಂತ್ರಾಂಶ ಬರೆಯುವವರು 1941–42ರ ಜನನಕ್ಕೆ ಬಂದಾಗ ಒಂದು ಗಂಟೆಯನ್ನು ಸುಮ್ಮನೆ ಕಳೆಯುವ ಬದಲು ಊರು ಯಾವುದೆಂದು ಬಳಸುವವರನ್ನು ಕೇಳಲು ಆ ವಾಕ್ಯ ಸಾಕು.